ಸುಳ್ಳು ಹೇಳುವುದೇ ನನ್ನ ಕೆಲಸ

ಹೋದ ದೀಪಾವಳಿಗೆ ಇನ್ನು ಎಂಟು ದಿನ ಇದೆ ಅನ್ನುವಾಗ ನಾನು 340 ಜನರಿಗೆ ಒಟ್ಟಿಗೆ ಒಂದು ಸುಳ್ಳು ಹೇಳಿದೆ. ದುಡ್ಡು ತಗೊಂಡು, ಬಿಲ್ ಕೊಟ್ಟು, ಜಿಎಸ್‌ಟಿ ಸೇರಿಸಿ ಹೇಳಿದ ಸುಳ್ಳು ಅದು. "ಈ ವರ್ಷದ ಹಬ್ಬದ ಬೋನಸ್ ಪಟ್ಟಿ ಸಿದ್ಧವಾಗಿದೆ, ನಿಮ್ಮ ಹೆಸರಿನ ಮುಂದಿರುವ ಮೊತ್ತ ನೋಡಲು ಇಲ್ಲಿ ಲಾಗಿನ್ ಆಗಿ" ಅಂತ ಒಂದು ಮೇಲ್. ಪಟ್ಟಿಯೂ ಇರಲಿಲ್ಲ, ಬೋನಸ್ಸೂ ಇರಲಿಲ್ಲ.

ನನ್ನ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಂಗಳೂರಿನಲ್ಲಿ ನಮ್ಮದೊಂದು ಸಣ್ಣ ಸೈಬರ್ ಸೆಕ್ಯುರಿಟಿ ಕಂಪನಿ, ಏಳು ಜನ ಇದ್ದೇವೆ. ಬೇರೆ ಕಂಪನಿಯವರು ನಮ್ಮನ್ನು ಕರೆದು, ನಮ್ಮ ಬೀಗ ಒಡೆಯಲಿಕ್ಕೆ ಆಗುತ್ತದಾ ನೋಡಿ ಅನ್ನುತ್ತಾರೆ. ನಾವು ಒಡೆಯುತ್ತೇವೆ, ಆಮೇಲೆ ಎಲ್ಲಿ ಒಡೆದೆವು ಅಂತ ವರದಿ ಬರೆದು ಕೊಡುತ್ತೇವೆ. ಕಳ್ಳರ ಹಾಗೆ ಸುಳ್ಳು ಮೇಲ್ ಕಳಿಸಿ, ನೌಕರರು ಮೋಸ ಹೋಗುತ್ತಾರಾ ಅಂತ ನೋಡುವುದೂ ಇದರಲ್ಲಿ ಒಂದು. ಉಡುಪಿಯಲ್ಲಿರುವ ಅಮ್ಮ ನೆಂಟರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳುತ್ತಾರೆ: "ಅವ ಕಂಪ್ಯೂಟರ್ ಕಳ್ಳ, ಆದ್ರೆ ಪರ್ಮಿಶನ್ ಉಂಟು."

ಈ ಸಲದ ಗಿರಾಕಿ ಬೈಕಂಪಾಡಿ ಕಡೆಯ ಒಂದು ಫ್ಯಾಕ್ಟರಿ. ಅಲ್ಲಿ ನೋಟಿಸೆಲ್ಲ ಕನ್ನಡದಲ್ಲೇ ಬರುತ್ತದೆ, ಹಾಗಾಗಿ ನನ್ನ ಮೇಲ್ ಕೂಡ ಕನ್ನಡದಲ್ಲೇ ಹೋಯಿತು. 61 ಜನ ಲಿಂಕ್ ಒತ್ತಿದರು. ಅದರಲ್ಲಿ 38 ಜನ ಪಾಸ್‌ವರ್ಡ್ ಹಾಕಿದರು. ನಾಲ್ಕು ದಿನ ಬಿಟ್ಟು ನಾನು ಅಲ್ಲಿಗೆ ಹೋಗಿ ಪರದೆಯ ಮೇಲೆ ಬಣ್ಣಬಣ್ಣದ ಚಾರ್ಟ್ ತೋರಿಸಿದೆ. ಮ್ಯಾನೇಜರ್ ಹೆಸರುಗಳ ಪಟ್ಟಿ ಕೇಳಿದರು. ಕೊಟ್ಟೆ. ಅದು ಮಾಡಬಾರದಿತ್ತು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗೋಳಿಬಜೆ ತಟ್ಟೆ ಇಟ್ಟುಕೊಂಡು ಕೂತಿದ್ದೆ. ಅಕೌಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬರು ಅಕ್ಕ ಎದುರು ಬಂದು ಕೂತರು.

"ನೀವಾ ಆ ಬೋನಸ್‌ದು ಬರೆದದ್ದು?"

"ಹೌದು ಅಕ್ಕ."

"ಲಾಯ್ಕ್ ಬರೆದಿದ್ದೀರಿ. ನಾನು ಮಗಳಿಗೆ ಫೋನ್ ಮಾಡಿಯೂ ಆಯ್ತು, ಹಾಸ್ಟೆಲ್ ಫೀಸಿಂದು ಕೊನೆಯ ಕಂತು ಹಬ್ಬಕ್ಕೆ ಮೊದಲೇ ಕಟ್ಟುವ ಅಂತ."

ಅಷ್ಟೇ. ಬೈಯಲಿಲ್ಲ. ಲೋಟ ಎತ್ತಿಕೊಂಡು ಹೋದರು. ಗೋಳಿಬಜೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ನಿಜ ಹೇಳಬೇಕಲ್ಲ, ತಿಂದೆ. ಬೇಜಾರು ಶುರುವಾದದ್ದು ರಾತ್ರಿ.

ಇದೇ ಪೆದ್ದುತನವನ್ನು ನನಗಿಂತ ಮೊದಲೇ ದೊಡ್ಡವರು ಮಾಡಿದ್ದಾರೆ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಕಷ್ಟದ ನಡುವೆ, ಅಮೆರಿಕದ ಗೋಡ್ಯಾಡಿ ಕಂಪನಿ ತನ್ನ ನೌಕರರಿಗೆ 650 ಡಾಲರ್ ಹಬ್ಬದ ಬೋನಸ್ ಅಂತ ಮೇಲ್ ಕಳಿಸಿತ್ತು. ಅದೂ ಪರೀಕ್ಷೆ. ಸುದ್ದಿ ಹೊರಗೆ ಬಂದು, ಎಲ್ಲರ ಹತ್ತಿರ ಬೈಸಿಕೊಂಡು, ಕೊನೆಗೆ ಕ್ಷಮೆ ಕೇಳಿತು. ನಾನು ಇದನ್ನು ಓದಿದ್ದೆ ಕೂಡ. ಓದಿಯೂ ಮಾಡಿದೆ, ಯಾಕೆಂದರೆ ಕಳ್ಳರು ಹಾಗೇ ಮಾಡುತ್ತಾರೆ ಅನ್ನುವ ಉತ್ತರ ನಮ್ಮ ಕಸುಬಿನಲ್ಲಿ ಎಲ್ಲದಕ್ಕೂ ಸಾಕಾಗುತ್ತದೆ.

ಆ ಮೇಲ್ ಪೂರ್ತಿ ನಾನೇ ಬರೆದದ್ದಲ್ಲ. ಎಐ ಬರೆದದ್ದು. ಮೊದಲು ಅದು ಒಪ್ಪಲಿಲ್ಲ, ಮೋಸದ ಮೇಲ್ ಬರೆಯಲು ಸಹಾಯ ಮಾಡಲಾರೆ ಅಂದಿತು. ನಾನು ಸೆಕ್ಯುರಿಟಿ ಪರೀಕ್ಷೆ ಮಾಡುವವನು, ಕಂಪನಿಯ ಲಿಖಿತ ಒಪ್ಪಿಗೆ ಇದೆ ಅಂದೆ. ಬರೆಯಿತು. ಬರೆದದ್ದಷ್ಟೇ ಅಲ್ಲ, ನನ್ನ ತಲೆಗೆ ಹೊಳೆಯದ ಒಂದು ಸಾಲು ಸೇರಿಸಿತು: "ಮೊತ್ತದಲ್ಲಿ ತಪ್ಪಿದ್ದರೆ ಗುರುವಾರದೊಳಗೆ ತಿಳಿಸಿ, ನಂತರ ಬದಲಾವಣೆ ಸಾಧ್ಯವಿಲ್ಲ." ಕೊಕ್ಕೆ ಇದ್ದದ್ದು ಅಲ್ಲಿ. ಬೋನಸ್ಸಿನ ಆಸೆಗೆ ಒತ್ತಿದವರು ಕಮ್ಮಿ. ತಮ್ಮ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದ್ದರೆ ಅಂತ ಹೆದರಿ ಒತ್ತಿದವರು ಜಾಸ್ತಿ. ಅದರಲ್ಲೂ ಅಕೌಂಟ್ಸ್‌ನವರು ಒತ್ತದೆ ಬಿಡುತ್ತಾರಾ? ಲೆಕ್ಕ ಸರಿ ಇದೆಯಾ ನೋಡುವುದೇ ಅವರ ಕೆಲಸ. ಅವರ ಒಳ್ಳೆ ಅಭ್ಯಾಸಕ್ಕೇ ಗಾಳ ಹಾಕಿದ್ದು ನಾನು.

ಆ ರಾತ್ರಿ ಒಂದಷ್ಟು ನೀತಿಶಾಸ್ತ್ರ ಓದಲು ಕೂತೆ. ಬಿಇ ಮಾಡಿದವನಿಗೆ ಇದೆಲ್ಲ ಹೊಸದು, ತಪ್ಪಿದ್ದರೆ ತಿದ್ದಿ. ಮೊದಲು ಸಿಕ್ಕಿದ್ದು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. ಮನುಷ್ಯರನ್ನು ಬರೀ ಸಾಧನ ಮಾಡಿಕೊಳ್ಳಬೇಡಿ ಅನ್ನುವುದು ಅವನ ಮಾತು. ಅದು ನನಗೆ ನೇರ ಬಡಿಯಿತು, ಅಕ್ಕ ನನ್ನ ಚಾರ್ಟಿನಲ್ಲಿ ಒಂದು ಚುಕ್ಕೆ ಆಗಿದ್ದರಲ್ಲ. ಆದರೆ ಇದೇ ಮನುಷ್ಯ 1797ರಲ್ಲಿ ಇನ್ನೊಂದು ಬರೆದಿದ್ದಾನೆ. ಕೊಲೆಗಾರ ಬಾಗಿಲು ತಟ್ಟಿ, ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದಂತೆ. ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಇಂಥವನನ್ನು ಯಾವ ಆಫೀಸಿನ ಸರ್ವರ್ ರೂಮಿಗೂ ಬಿಡಬಾರದು.

ನನಗೆ ನೆನಪಾದದ್ದು ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ, ಕೂತು ಪಾತ್ರಗಳ ಮಾತಿನಲ್ಲೇ (ಅದಕ್ಕೆ ಅರ್ಥ ಅನ್ನುತ್ತಾರೆ) ನಡೆಸುವ ಯಕ್ಷಗಾನ. ಕೆಲವು ವರ್ಷದ ಹಿಂದೆ ನಮ್ಮೂರ ದೇವಸ್ಥಾನದ ಹಾಲ್‌ನಲ್ಲಿ ಕೃಷ್ಣನ ಅರ್ಥ ಹೇಳುತ್ತಿದ್ದವರು ಕೌಶಿಕನ ಕಥೆ ತಂದಿದ್ದರು. ಮಹಾಭಾರತದ ಕರ್ಣಪರ್ವದ್ದು. ಯುದ್ಧದಲ್ಲಿ ಪೆಟ್ಟು ತಿಂದು ಬಿಡಾರಕ್ಕೆ ಬಂದ ಧರ್ಮರಾಯ ಸಿಟ್ಟಿನಲ್ಲಿ ಅರ್ಜುನನಿಗೆ ಆ ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಅನ್ನುತ್ತಾನೆ. ಹಾಗೆ ಅಂದವರ ತಲೆ ತೆಗೆಯುತ್ತೇನೆ ಅಂತ ಅರ್ಜುನನದ್ದು ಹಳೆಯ ಪ್ರತಿಜ್ಞೆ. ಸ್ವಂತ ಅಣ್ಣನ ಮೇಲೆ ಕತ್ತಿ ಹಿರಿಯುತ್ತಾನೆ. ಆಗ ಕೃಷ್ಣ ಹೇಳುವ ಕಥೆ ಇದು. ಕೌಶಿಕ ಅಂತ ಒಬ್ಬ ತಪಸ್ವಿ, ನಿಜ ಬಿಟ್ಟು ಬೇರೆ ಮಾತೇ ಇಲ್ಲ. ದರೋಡೆಕೋರರಿಗೆ ಹೆದರಿ ಕೆಲವರು ಅವನ ಹತ್ತಿರದ ಕಾಡಿನಲ್ಲಿ ಅಡಗುತ್ತಾರೆ. ದರೋಡೆಕೋರರು ಬಂದು ಕೇಳುತ್ತಾರೆ. ಇವನು ಅಗೋ ಅಲ್ಲಿ ಅನ್ನುತ್ತಾನೆ. ಅಡಗಿದವರು ಸಾಯುತ್ತಾರೆ, ನಿಜ ಹೇಳಿದ ಕೌಶಿಕ ನರಕಕ್ಕೆ ಹೋಗುತ್ತಾನೆ.

(ಅರ್ಜುನನ ಪ್ರತಿಜ್ಞೆಗೆ ಕೃಷ್ಣ ಕೊಡುವ ಪರಿಹಾರ ಇನ್ನೂ ಚಂದ. ಅಣ್ಣನನ್ನು ಏಕವಚನದಲ್ಲಿ ಬೈದುಬಿಡು, ಹಿರಿಯರಿಗೆ ಅದೇ ಸಾವು ಅನ್ನುತ್ತಾನೆ. ನಮ್ಮ ಕಸುಬಿನವರು ಇದಕ್ಕೆ ಪ್ಯಾಚ್, ಅಂದರೆ ತೇಪೆ, ಅನ್ನುತ್ತೇವೆ.)

ಕಾಂಟ್ ಮತ್ತು ಕೌಶಿಕನನ್ನು ಅಕ್ಕಪಕ್ಕ ಇಟ್ಟಾಗ ನನ್ನ ಕೆಲಸ ನನಗೆ ಸ್ವಲ್ಪ ಸ್ಪಷ್ಟ ಆಯಿತು. ಯಾಕೆಂದರೆ ನಾವು ಎರಡು ಥರದ ಸುಳ್ಳು ಹೇಳುತ್ತೇವೆ, ಎರಡನ್ನೂ ಒಂದೇ ಬಿಲ್ಲಿನಲ್ಲಿ ಹಾಕುತ್ತೇವೆ. ಒಂದು ಹನಿಪಾಟ್. ಅಂದರೆ ಸುಳ್ಳು ಸರ್ವರ್, ಒಳಗೆ ಸುಳ್ಳು ಫೈಲು, ಕಳ್ಳ ಬಂದು ಅದರಲ್ಲಿ ಕೈ ಹಾಕಿದರೆ ನಮಗೆ ಗಂಟೆ ಬಾರಿಸುತ್ತದೆ. ಇದರ ಹಳೆಯ ಕಥೆ ಒಂದಿದೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಅನ್ನುವವರಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ ಬರೀ 75 ಸೆಂಟಿನ ವ್ಯತ್ಯಾಸ ಹುಡುಕಲು ಹೇಳಿದರು. ಹುಡುಕುತ್ತಾ ಹೋದರೆ ಯಾರೋ ಒಳಗೆ ನುಗ್ಗಿದ್ದಾರೆ. ಸ್ಟಾಲ್ ರಕ್ಷಣಾ ಯೋಜನೆಯ ಸುಳ್ಳು ಕಡತಗಳನ್ನು ಸೃಷ್ಟಿಸಿ ಇಟ್ಟರು. ಅದನ್ನು ಓದಲು ಕಳ್ಳ ತುಂಬಾ ಹೊತ್ತು ಲೈನಿನಲ್ಲಿ ಕೂತ, ಆಗ ಜಾಡು ಸಿಕ್ಕಿತು. ಅವನು ಇದ್ದದ್ದು ಪಶ್ಚಿಮ ಜರ್ಮನಿಯಲ್ಲಿ, ಕದ್ದದ್ದು ಹೋಗುತ್ತಿದ್ದದ್ದು ಸೋವಿಯತ್ ಗೂಢಚಾರರಿಗೆ. ನೋಡಿ, 75 ಸೆಂಟು ತಾಳೆ ಆಗಲಿಲ್ಲ ಅಂತ ತಲೆ ಕೆಡಿಸಿಕೊಂಡದ್ದರಿಂದ ಸಿಕ್ಕಿಬಿದ್ದದ್ದು. ನಮ್ಮ ಅಕ್ಕ ಇದ್ದರೂ ಬಿಡುತ್ತಿರಲಿಲ್ಲ.

ಅದು ದರೋಡೆಕೋರನಿಗೆ ಹೇಳಿದ ಸುಳ್ಳು. ಕೌಶಿಕ ಹೇಳಬೇಕಾಗಿದ್ದ ಸುಳ್ಳು. ನಾನು ದೀಪಾವಳಿಗೆ ಹೇಳಿದ್ದು ಕಾಡಿನಲ್ಲಿ ಅಡಗಿದ್ದವರಿಗೆ. ಅವರನ್ನು ಕಾಪಾಡಲಿಕ್ಕೆ ಅಂತಲೇ ದುಡ್ಡು ತಗೊಂಡು, ಅವರಿಗೇ.

ನಿಜ ಹೇಳುವುದರಲ್ಲೂ ಈ ತಲೆನೋವು ಇದೆ. ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯ ಲ್ಯಾಬ್ ರಿಪೋರ್ಟ್ ನೋಡುವಾಗ ವಿಳಾಸದ ಕೊನೆಯಲ್ಲಿ ಒಂದು ಸಂಖ್ಯೆ ಕಂಡಿತು. ಸುಮ್ನೆ ಒಂದು ಅಂಕಿ ಬದಲಿಸಿದೆ. ಬೇರೆ ಯಾರದ್ದೋ ಸಕ್ಕರೆ ಕಾಯಿಲೆಯ ರಿಪೋರ್ಟ್ ಬಂತು, ಹೆಸರು ವಯಸ್ಸು ಸಮೇತ. ತಕ್ಷಣ ಮುಚ್ಚಿದೆ. ಅವರಿಗೆ ಫೋನ್ ಮಾಡಿ ಹೇಳಿದರೆ, "ನಿಮಗೆ ಅದು ಒತ್ತಿ ನೋಡ್ಲಿಕ್ಕೆ ಯಾರು ಹೇಳಿದ್ದು?" ಅಂದರು. ಕೇಳಿದ್ದು ಸರಿಯೇ. ನಮ್ಮ 2000ದ ಐಟಿ ಕಾಯಿದೆಯ 43ನೇ ಸೆಕ್ಷನ್ ಕೂಡ ಅದನ್ನೇ ಕೇಳುತ್ತದೆ, ಅನುಮತಿ ಇಲ್ಲದೆ ಒಳಗೆ ಹೋದದ್ದು ಯಾಕೆ ಅಂತ. ಒಳ್ಳೆ ಮನಸ್ಸಿನಿಂದ ನೋಡಿದವನಿಗೆ ಅಂತ ಬೇರೆ ಬಾಗಿಲು ಅದರಲ್ಲಿಲ್ಲ. ಊರಿಗೆಲ್ಲ ಹೇಳಿಬಿಡುವ ಅಂತ ಒಂದು ಕ್ಷಣ ಅನಿಸಿತು. ಹೇಳಿದ್ದರೆ ನಾನೇ ಕೌಶಿಕ. ಕೊನೆಗೆ ಇಂಥ ದೂರು ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ಬರೆದೆ. ಕೆಲವು ವಾರ ಆದ ಮೇಲೆ ತೂತು ಮುಚ್ಚಿತ್ತು, ಯಾರೂ ನನಗೆ ತಿಳಿಸಲಿಲ್ಲ, ಇರಲಿ.

ಸುಮ್ಮನಿದ್ದರೂ ಪಾಪ ತಪ್ಪುವುದಿಲ್ಲ ಅನ್ನಿ. ವಿಂಡೋಸ್‌ನ ಒಂದು ತೂತು ಅಮೆರಿಕದ ಗೂಢಚರ ಸಂಸ್ಥೆ ಎನ್‌ಎಸ್‌ಎಗೆ ಮೊದಲೇ ಗೊತ್ತಿತ್ತು. ಬೇಕಾಗುತ್ತದೆ ಅಂತ ಹೇಳದೆ ಇಟ್ಟುಕೊಂಡರು. ಆ ತೂತಿನಲ್ಲಿ ನುಗ್ಗುವ ಹತ್ಯಾರು ಅವರ ಕೈಯಿಂದಲೇ ಕಳುವಾಗಿ, 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಆಗಿ ಬಂದು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸುವ ಸ್ಥಿತಿ ಬಂತು. ಹಾಗಾಗಿ ಗೂಗಲ್‌ನಲ್ಲಿ ಇಂಥ ತೂತು ಹುಡುಕುವ ತಂಡ, ಪ್ರಾಜೆಕ್ಟ್ ಝೀರೋದವರು ಮಾಡಿಕೊಂಡ ನಿಯಮ ನನಗೆ ಇಷ್ಟ. ತೂತು ಕಂಡರೆ ಅದರ ವಿವರ ಮೊದಲು ಮನೆಯವರಿಗೆ, ಅಂದರೆ ಸಾಫ್ಟ್‌ವೇರ್ ಮಾಡಿದವರಿಗೆ ಮಾತ್ರ ಹೇಳುವುದು, ಮುಚ್ಚಲು 90 ದಿನ ಕೊಡುವುದು, ಆಮೇಲೆ ಎಲ್ಲರಿಗೂ ಹೇಳುವುದು.

ಈಗ ಎಐ ಹತ್ತಿರ ವಾಪಸ್ ಬರುವ. ಕೌಶಿಕನಿಗೆ ಒಂದು ಅನುಕೂಲ ಇತ್ತು, ಅವನಿಗೆ ಎದುರು ನಿಂತವರ ಮುಖ ಕಾಣುತ್ತಿತ್ತು. ಕೈಯಲ್ಲಿ ಕತ್ತಿ ಕಾಣುತ್ತಿತ್ತು. ಎಐಗೆ ಕಾಣುವುದು ಬರೀ ಅಕ್ಷರ. ಈ ಸಾಫ್ಟ್‌ವೇರಿನ ತೂತಿನಲ್ಲಿ ಹೇಗೆ ನುಗ್ಗುವುದು ಅಂತ ನಾನು ಕೇಳಿದರೂ, ಕಳ್ಳ ಕೇಳಿದರೂ, ಮಣಿಪಾಲದ ವಿದ್ಯಾರ್ಥಿ ಅಸೈನ್‌ಮೆಂಟಿಗೆ ಕೇಳಿದರೂ ಪ್ರಶ್ನೆ ಒಂದೇ. ನನ್ನ ಬ್ಯಾಗಿನಲ್ಲಿ ಸಹಿ ಹಾಕಿದ ಒಪ್ಪಿಗೆ ಪತ್ರ ಇತ್ತು, ನಿಜ. ಆದರೆ ಅದು ಎಐಗೆ ಕಂಡಿರಲಿಲ್ಲ. ಒಪ್ಪಿಗೆ ಇದೆ ಅಂದೆ, ನಂಬಿತು. ಅದೇ ಮಾತನ್ನು ಕಳ್ಳನೂ ಟೈಪ್ ಮಾಡಬಹುದಲ್ವಾ? ಎಲ್ಲದಕ್ಕೂ ಇಲ್ಲ ಅಂದರೆ ಕಾಯುವವರ ಕೈ ಕಟ್ಟಿದ ಹಾಗೆ, ಯಾಕೆಂದರೆ ಬೀಗದ ಸಮಸ್ಯೆ ಗೊತ್ತಿಲ್ಲದವನು ಬೀಗ ರಿಪೇರಿ ಮಾಡುವುದು ಹೇಗೆ. ಎಲ್ಲದಕ್ಕೂ ಹೌದು ಅಂದರೆ ಅಗೋ ಅಲ್ಲಿ ಅಂದ ಹಾಗೆ. ಇದಕ್ಕೆ ಸುಲಭದ ಉತ್ತರ ಇದೆ ಅನ್ನುವವರನ್ನು ನಾನು ನಂಬುವುದಿಲ್ಲ.

ಹಬ್ಬ ಮುಗಿದ ಮೇಲೆ ಒಂದು ದಿನ ಎಐ ಹತ್ತಿರವೇ ಕೇಳಿದೆ, ನಾನು ಮಾಡಿದ್ದು ಸರಿಯಾ ಅಂತ. ತುಂಬಾ ಚೆನ್ನಾಗಿ ಎರಡೂ ಕಡೆ ಹೇಳಿತು. ಆಮೇಲೆ, ಒಟ್ಟಿನಲ್ಲಿ ಜನರಿಗೆ ಒಳ್ಳೆಯದೇ ಆಯಿತಲ್ಲ ಅಂತ ನಾನು ಸ್ವಲ್ಪ ನೂಕಿದೆ. ಹೌದು, ಹಾಗೆ ನೋಡಿದರೆ ಅಂತ ನನ್ನ ಕಡೆಗೆ ವಾಲಿತು. ಆಗ ಅನಿಸಿದ್ದು, ಇದು ಪಕ್ಕಾ ಅರ್ಥಧಾರಿ. ಇವತ್ತು ಕೃಷ್ಣ, ನಾಳೆ ಕರ್ಣ, ಯಾವ ಪಾತ್ರ ಕೊಟ್ಟರೂ ನಮ್ಮ ಕಣ್ಣಲ್ಲಿ ನೀರು ತರಿಸುವ ಹಾಗೆ ವಾದ ಮಾಡುತ್ತದೆ. ಆದರೆ ತಾಳಮದ್ದಳೆಯಲ್ಲಿ ಎದುರು ಇನ್ನೊಬ್ಬರು ಕೂತಿರುತ್ತಾರೆ. ಮಾತು ಸ್ವಲ್ಪ ಜಾರಿದರೆ ಸಾಕು, ಹಿಡಿದು ಅಲ್ಲೇ ಕೆಡವುತ್ತಾರೆ, ಸಭೆ ಚಪ್ಪಾಳೆ ಹೊಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ನನ್ನ ಲ್ಯಾಪ್‌ಟಾಪಿನ ಎದುರು ಯಾರು ಕೂತಿದ್ದರು? ನಾನೇ ಭಾಗವತ, ನಾನೇ ಸಭೆ, ಅರ್ಥ ಹೇಳುವವರು ನನ್ನ ಮಾತಿಗೆ ತಲೆ ಆಡಿಸುವವರು. ನನ್ನನ್ನು ನಿಜವಾಗಿ ಕೆಡವಿದ್ದು ಎರಡೇ ವಾಕ್ಯ ಹೇಳಿ ಲೋಟ ಎತ್ತಿಕೊಂಡು ಹೋದ ಅಕ್ಕ.

ಒಟ್ಟು ಲಾಭ ನಷ್ಟ ಲೆಕ್ಕ ಹಾಕಿ ಅನ್ನುವವರು ಇದ್ದಾರೆ, ಇಂಗ್ಲಿಷ್ ತತ್ವಜ್ಞಾನಿ ಬೆಂಥಮ್ ಪಂಗಡ. ನಮ್ಮ ಬಾಸ್ ಆ ಹೆಸರು ಕೇಳಿಲ್ಲ, ಆದರೆ ಅದೇ ಪಂಗಡ. "ಒಬ್ಬರಿಗೆ ಬೇಜಾರಾಯ್ತು ಮಾರಾಯ, ಮುನ್ನೂರು ಜನ ಕಲಿತರಲ್ಲ." ಸರಿ, ಲೆಕ್ಕವನ್ನೇ ಹಾಕುವ. ಜನವರಿಯಲ್ಲಿ ಅದೇ ಫ್ಯಾಕ್ಟರಿಯವರು ಆರೋಗ್ಯ ವಿಮೆಯ ನಿಜವಾದ ಮೇಲ್ ಕಳಿಸಿದರು, ಕುಟುಂಬದವರ ಹೆಸರು ಸೇರಿಸಿ ಅಂತ. ತುಂಬಾ ಜನ ತೆರೆಯಲೇ ಇಲ್ಲ. ಇದು ಪುನಃ ಅವರದ್ದೇ ನಾಟಕ ಅಂದುಕೊಂಡರಂತೆ. ಕೊನೆಗೆ ಎಚ್‌ಆರ್‌ನವರು ಒಬ್ಬೊಬ್ಬರ ಟೇಬಲ್ಲಿಗೆ ಹೋಗಿ ಕಾಗದದಲ್ಲಿ ಬರೆಸಿಕೊಂಡರು. ಈ ಖರ್ಚನ್ನು ಯಾವ ಕಾಲಂನಲ್ಲಿ ಹಾಕುವುದು?

ಕಲಿತರಲ್ಲ ಅನ್ನುವುದೂ ಅಷ್ಟು ಗಟ್ಟಿ ಅಲ್ಲ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದವರು ಒಂದು ಕಂಪನಿಯ 14 ಸಾವಿರಕ್ಕೂ ಹೆಚ್ಚು ನೌಕರರನ್ನು 15 ತಿಂಗಳು ಗಮನಿಸಿದ್ದಾರೆ. ಸುಳ್ಳು ಮೇಲ್ ಒತ್ತಿದವರನ್ನು ಅಲ್ಲೇ ಪಾಠದ ಪುಟಕ್ಕೆ ಕರೆದುಕೊಂಡು ಹೋಗುವ ಈ ಪದ್ಧತಿ ಅವರನ್ನು ಹುಷಾರು ಮಾಡಲಿಲ್ಲ. ಆ ಪುಟ ನೋಡಿದವರು ಮುಂದೆ ಇನ್ನೂ ಸುಲಭವಾಗಿ ಬಿದ್ದದ್ದೂ ಕಂಡಿತು. ಕೆಲಸ ಮಾಡಿದ್ದು ಬೇರೆ. ಸಂಶಯ ಬಂದ ಮೇಲನ್ನು ತಿಳಿಸಲು ಒಂದು ಬಟನ್ ಕೊಟ್ಟರೆ ಜನ ತಿಂಗಳುಗಟ್ಟಲೆ ಅದನ್ನು ಒತ್ತಿ ನಿಜವಾದ ಕಳ್ಳರನ್ನು ಹಿಡಿದುಕೊಟ್ಟರು. ಅಂದರೆ ಕಾಡಿನಲ್ಲಿ ಅಡಗಿದವರಿಗೂ ಕಣ್ಣಿದೆ, ನಾವು ಕೇಳುವುದಿಲ್ಲ ಅಷ್ಟೇ.

ಫೆಬ್ರವರಿಯಲ್ಲಿ ಬಾಸ್ ಹೊಸ ಐಡಿಯಾ ತಂದರು. ಈ ಸಲ ಫೋನ್ ಕಾಲ್, ಗಿರಾಕಿ ಕಂಪನಿಯ ಎಂಡಿಯ ಧ್ವನಿಯನ್ನೇ ಎಐನಲ್ಲಿ ತಯಾರು ಮಾಡಿ ಅಕೌಂಟ್ಸ್‌ನವರಿಗೆ ಹಣ ಕಳಿಸಲು ಹೇಳುವುದು. ಇದು ಕಟ್ಟುಕಥೆಯ ಭಯ ಅಲ್ಲ. 2024ರ ಆರಂಭದಲ್ಲಿ ಹಾಂಕಾಂಗಿನಿಂದ ಸುದ್ದಿ ಬಂತು, ಅರೂಪ್ ಅನ್ನುವ ಎಂಜಿನಿಯರಿಂಗ್ ಕಂಪನಿಯ ನೌಕರರೊಬ್ಬರು ವಿಡಿಯೊ ಮೀಟಿಂಗಿನಲ್ಲಿ ಹಣಕಾಸು ಮುಖ್ಯಸ್ಥರನ್ನೂ ಸಹೋದ್ಯೋಗಿಗಳನ್ನೂ ನೋಡಿ, ಅವರ ಮಾತು ನಂಬಿ ಸುಮಾರು 2.5 ಕೋಟಿ ಡಾಲರ್ ಕಳಿಸಿದ್ದರು. ಮೀಟಿಂಗಿನಲ್ಲಿ ನಿಜವಾದ ಮನುಷ್ಯರು ಅವರೊಬ್ಬರೇ. ಹಾಗಾಗಿ ಬಾಸ್ ಹೇಳುವುದರಲ್ಲೂ ಅರ್ಥ ಇದೆ. ಆದರೂ ನಾನು ಮಾಡುವುದಿಲ್ಲ ಅಂದೆ.

ಕಾರಣ ಕೇಳಿದಾಗ ಕಾಂಟ್ ನೆನಪಾಗಲಿಲ್ಲ, ಅಮ್ಮ ನೆನಪಾದರು. ನಮ್ಮ ಕಡೆಯಲ್ಲಿ ಇಷ್ಟು ವರ್ಷ ಭಾಷೆಯೇ ಅರ್ಧ ಬೀಗ ಆಗಿತ್ತು. ಬ್ಯಾಂಕಿನಿಂದ ಅಂತ ಕಾಲ್ ಬಂದರೆ ಅಮ್ಮ ತುಳುವಿನಲ್ಲಿ ಒಂದು ಮಾತು ಕೇಳುತ್ತಾರೆ, ಆ ಕಡೆಯವನು ತಡವರಿಸಿದರೆ ಫೋನ್ ಇಟ್ಟುಬಿಡುತ್ತಾರೆ. ತುಳು ಬಂದರೆ ನಮ್ಮವರು. 2024ರಲ್ಲಿ ಗೂಗಲ್ ಅನುವಾದಕ್ಕೂ ತುಳು ಬಂತು, ನಾನು ಮೊದಲು ಖುಷಿಪಟ್ಟೆ, ಆಮೇಲೆ ಹೊಟ್ಟೆಯಲ್ಲಿ ಏನೋ ಆಯಿತು. ಅಮ್ಮನಿಗೆ ಹೇಳಿದೆ, ನನ್ನ ಧ್ವನಿಯಲ್ಲೇ ಯಾರಾದರೂ ದುಡ್ಡು ಕೇಳಬಹುದು, ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳುವ, ಹಳೆಯ ದನದ ಹೆಸರು ಕೇಳಿ ಅಂತ.

"ನನ್ನ ಮಗ ಹೌದಾ ಅಲ್ವಾ ಅಂತ ನಾನು ಪರೀಕ್ಷೆ ಮಾಡುದಾ? ಎಂತ ಕಾಲ ಬಂತು ಮಗಾ."

ಒಪ್ಪಿಸಲು ಎರಡು ದಿನ ಬೇಕಾಯಿತು. ಒಂದು ಧ್ವನಿಯ ಮೇಲಿನ ನಂಬಿಕೆ ತೆಗೆಯುವಾಗ ಅಷ್ಟು ನೋವು ಆಗುತ್ತದೆ ಅಂತ ನನಗೆ ಗೊತ್ತಾದ ಮೇಲೆ, ಪರೀಕ್ಷೆಗೆ ಅಂತ ಬೇರೆಯವರ ಕಿವಿಯಲ್ಲಿ ಅದನ್ನು ಹೇಗೆ ಮಾಡುವುದು? ಬದಲಿಗೆ ಫ್ಯಾಕ್ಟರಿಯವರ ಹತ್ತಿರ ಒಂದು ನಿಯಮ ಮಾಡಿಸಿದೆವು. ಫೋನಿನಲ್ಲಿ ಯಾರು ಹೇಳಿದರೂ, ಎಂಡಿ ಹೇಳಿದರೂ, ವಾಪಸ್ ಅವರ ಗೊತ್ತಿರುವ ನಂಬರಿಗೆ ಕಾಲ್ ಮಾಡಿ ಕೇಳದೆ ಹಣ ಹೋಗಬಾರದು, ಕೇಳಿದ್ದಕ್ಕೆ ಎಂಡಿ ಸಿಟ್ಟು ಮಾಡಬಾರದು. ಎರಡನೆಯದನ್ನು ಬರೆಸಲು ಜಾಸ್ತಿ ಕಷ್ಟ ಆಯಿತು.

ಸುಳ್ಳು ಮೇಲ್ ಪೂರ್ತಿ ಬಿಟ್ಟಿಲ್ಲ. ಈಗ ಈ ತಿಂಗಳು ಬರುತ್ತದೆ ಅಂತ ಮೊದಲೇ ನೋಟಿಸ್ ಹಾಕುತ್ತೇವೆ. ಸಂಬಳ, ಕಾಯಿಲೆ, ಮಕ್ಕಳು, ಕೆಲಸ ಹೋಗುವ ಭಯ, ಇವನ್ನು ಮುಟ್ಟುವುದಿಲ್ಲ. ಹೆಸರಿನ ಪಟ್ಟಿ ಯಾರಿಗೂ ಕೊಡುವುದಿಲ್ಲ. ಎಷ್ಟು ಜನ ಬಿದ್ದರು ಅನ್ನುವ ಚಾರ್ಟ್ ತೆಗೆದು ಎಷ್ಟು ಜನ ತಿಳಿಸಿದರು ಅನ್ನುವ ಚಾರ್ಟ್ ಹಾಕಿದ್ದೇವೆ. ಕಳ್ಳರು ಇಷ್ಟು ಮರ್ಯಾದೆಯಿಂದ ಬರುವುದಿಲ್ಲ ಅಂತ ಬಾಸ್ ಈಗಲೂ ಹೇಳುತ್ತಾರೆ. ನಿಜವೇ.

ಹೋದ ವಾರ ಅಕೌಂಟ್ಸ್‌ನ ಅಕ್ಕ ನಮ್ಮ ವಿಳಾಸಕ್ಕೆ ಒಂದು ಮೇಲ್ ದಾಟಿಸಿದರು, ಹಿಂದೆಯೇ ಫೋನ್ ಮಾಡಿದರು. ಯಾವುದೋ ಸಪ್ಲೈಯರ್ ಹೆಸರಿನಲ್ಲಿ ಬಂದದ್ದು, ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಬಿಲ್ಲು ಈ ಹೊಸ ಖಾತೆಗೆ ಹಾಕಿ ಅಂತ.

"ಇದು ನಿಮ್ದಾ?"

ನೋಡಿದೆ. "ಅಲ್ಲ ಅಕ್ಕ, ನಮ್ದಲ್ಲ. ಇದು ನಿಜವಾದ ಕಳ್ಳರದ್ದು."

"ಹೌದಾ? ಕನ್ನಡ ನಿಮ್ದಕ್ಕಿಂತ ಒಳ್ಳೆದುಂಟು ಮಾರ್ರೆ."